ಪಥ್ಯ ಮುರಿದ ಊಟ

ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಗಾದಿಯ ಮೇಲೆ ಕೂತು ಕೂತೇ ಅಪ್ಪನಿಗೆ ಹೊಟ್ಟೆ ಬಂದಿತ್ತು. ಹೊಟ್ಟೆ ಬಂದವನನ್ನು ನಮ್ಮವರು ಉಂಡುಟ್ಟು ಸುಖವಾಗಿರುವವನು ಎನ್ನುತ್ತಾರೆಯೇ ಹೊರತು ರೋಗಿ ಎನ್ನುವುದಿಲ್ಲ. ಅನ್ನ ಸೇರದೆ, ಕಣ್ಣು ಹಳದಿಯಾದ ಮೇಲೆ ದಾವಣಗೆರೆಯ ಡಾಕ್ಟರು ಬಲಪಕ್ಕೆ ಒತ್ತಿ ನೋಡಿ, ಲಿವರ್ ಊದಿದೆ, ಕೊಬ್ಬು ಕಟ್ಟಿದಂತಿದೆ ಎಂದರು. ಕುಡೀತೀರಾ ಎಂದೂ ಕೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅಪ್ಪ ಹೆಂಡದ ವಾಸನೆಯನ್ನೂ ಕಂಡವರಲ್ಲ. ಆ ಒಂದು ಪ್ರಶ್ನೆಗೆ ಸಿಟ್ಟಾಗಿ ಮತ್ತೆ ಅತ್ತ ತಲೆ ಹಾಕಲಿಲ್ಲ. ಲಿವರ್ ಎಂಬ ಮಾತು ಹೊಸಿಲು ದಾಟಬಾರದೆಂದು ಮನೆಯವರಿಗೆಲ್ಲ ತಾಕೀತಾಯಿತು. ಕೇಳಿದವರಿಗೆ ಕಾಮಾಲೆ ಎಂದೆವು.

ಕಾಮಾಲೆಗೆ ಬಿಳಿಚೋಡಿನಲ್ಲಿ ಒಬ್ಬ ನಾಟಿ ವೈದ್ಯರಿದ್ದರು. ಹೊನ್ನಾಳಿಯ ಗಂಡನ ಮನೆಯಿಂದ ಬಂದು ನಾನೇ ಅಪ್ಪನನ್ನು ಜಗಳೂರಿನ ಬಸ್ಸಿಗೆ ಹತ್ತಿಸಿಕೊಂಡು ಹೋದೆ. ವೈದ್ಯರು ಅಪ್ಪನ ಹೊಟ್ಟೆ ಮುಟ್ಟಿ ನೋಡಿದರು. ಇಪ್ಪತ್ತೊಂದು ದಿನ ನೆಲನೆಲ್ಲಿ ಅರೆದು ಮೇಕೆ ಹಾಲಿನಲ್ಲಿ ಕೊಡಲು ಹೇಳಿದರು. ಉಪ್ಪು, ಎಣ್ಣೆ, ತುಪ್ಪ, ಸಿಹಿ ಯಾವುದೂ ಕೂಡದು. ಹೊರಡುವಾಗ ನನ್ನೊಬ್ಬಳನ್ನೇ ಬೇವಿನ ಮರದ ಕಡೆಗೆ ಕರೆದರು.

“ಇದು ಬರೀ ಕಾಮಾಲೆ ಅಲ್ಲವ್ವ. ಒಳಗೆ ಕೊಬ್ಬು ಐತೆ. ಬೇರು, ಸೊಪ್ಪು ಅದನ್ನ ಕರಗಿಸಾಕೆ ಆಗಲ್ಲ. ಉಪ್ಪು ಬೇಕಾದ್ರೆ ಆಮೇಲೆ ತಿನ್ಲಿ, ತುಪ್ಪ ಸಿಹಿ ಮಾತ್ರ ಸಾಯೋತನಕ ಬ್ಯಾಡ. ದಿನಾ ನಡೀಬೇಕು. ನೀನು ಓದಿರಾಕಿ, ನೋಡ್ಕೋ.”

ಅಪ್ಪ ಪಥ್ಯವನ್ನು ವ್ರತದಂತೆ ಮಾಡಿದರು. ಕಣ್ಣು ಬೆಳ್ಳಗಾಯಿತು. ದಿನ ಎಣಿಸುತ್ತಾ ಮಗುವಿನಂತೆ ಹಿಗ್ಗುತ್ತಿದ್ದವರಿಗೆ ವೈದ್ಯರ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ನಮ್ಮ ಕಡೆ ಪಥ್ಯ ಮುಗಿದವರಿಗೆ ನೆಂಟರು ಊಟ ಹಾಕಿ ಪಥ್ಯ ಮುರಿಸಬೇಕು. ಮೊದಲ ಊಟ ಮಗಳ ಮನೆಯದು. ನಾನು ಜೋಳದ ರೊಟ್ಟಿ, ಸಪ್ಪೆ ಬೇಳೆ ಸಾಕು ಎಂದಾಗ ಅತ್ತೆ ಕೆಂಡವಾದರು.

“ಬೀಗರಿಗೆ ಸಪ್ಪೆ ಬಡಿಸಿ ಕಳಿಸಿದ್ರು ಅಂತ ಊರು ಆಡ್ಕೊಳ್ಳಾಕೆ ಏನೇ?”

ಹೋಳಿಗೆ ಬೇಯಿಸಿದೆ. ಲಿವರ್ ಎಂದುಬಿಟ್ಟಿದ್ದರೆ ಅತ್ತೆಯ ಬಾಯಿ ಮುಚ್ಚುತ್ತಿತ್ತು. ಆದರೆ ನಿಮ್ಮಪ್ಪ ಕುಡೀತಾರಾ ಎಂದು ಆ ಮನೆಯಲ್ಲಿ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ನಾನು ತುಪ್ಪದ ಮಿಳ್ಳೆ ಹಿಡಿದು ಬಂದಾಗ ಅಪ್ಪ ಎಲೆಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. “ವೈದ್ಯರು ಏನಂದಿದ್ರವ್ವ? ಇನ್ನು ತಿನ್ನಬಹುದಾ?”

“ತಿನ್ರಿ ಅಪ್ಪಾಜಿ, ಎಲ್ಲಾ ಮುಗೀತಲ್ಲ,” ಎಂದೆ. ಅವರು ಕೈ ತೆಗೆದರು.

ಒಂದು ಊಟಕ್ಕೆ ಯಾರ ಲಿವರೂ ಕೆಡುವುದಿಲ್ಲ, ಗೊತ್ತು. ಆದರೆ ಮಗಳ ಮನೆಯಲ್ಲಿ ಪಥ್ಯ ಮುರಿದಾಯಿತು ಎಂದಮೇಲೆ ನ್ಯಾಮತಿಯ ಸೋದರತ್ತೆ, ಸವಳಂಗದ ಚಿಕ್ಕಪ್ಪ ಎಲ್ಲರೂ ಕರೆದರು. ಸೊರಗಿದ ಮೈ ತುಂಬಲಿ ಎಂದು ಅವ್ವ ದಿನಾ ಅನ್ನಕ್ಕೆ ತುಪ್ಪ ಸುರಿದಳು. ಅಪ್ಪ ಮತ್ತೆ ಗಾದಿ ಏರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು. ಕುಡೀತೀರಾ ಎಂದು ಕೇಳಿದ್ದ ಅದೇ ಡಾಕ್ಟರ ಬಳಿಗೇ ಹೊತ್ತುಕೊಂಡು ಹೋದೆವು. ಅಲ್ಲಿ ಒಂಬತ್ತು ದಿನ ಬದುಕಿದ್ದರು.

ಸೇರಿಸಿದ ದಿನವೇ, ಏನೇನು ತಿನ್ನುತ್ತಿದ್ದರೆಂದು ಕೇಳಿ ತಿಳಿದು ಡಾಕ್ಟರು ರೇಗಿದ್ದರು. “ತುಪ್ಪ, ಸಿಹಿ ತಿನ್ನಾಕೆ ಯಾರ್ರೀ ಹೇಳಿದ್ದು ನಿಮಗೆ?”

ಅಪ್ಪ ನನ್ನ ಕಡೆ ನೋಡಲಿಲ್ಲ. “ಯಾರೂ ಹೇಳ್ಲಿಲ್ಲ ಸಾಹೇಬ್ರೆ. ನನ್ನ ನಾಲಿಗೆ ಚಪಲ. ನನ್ ಮಗಳು ಬ್ಯಾಡ ಬ್ಯಾಡ ಅಂತಲೇ ಇದ್ಲು.”

ಡಾಕ್ಟರು ಹೌದಾ ಎಂಬಂತೆ ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.