ಊರಿಗೆ ಹೋಗಿದ್ದಿರಾ?

ಮೊದಲು ಬಂದದ್ದು ಜ್ವರವಲ್ಲ. ಬಾಯಿರುಚಿ ಹೋಯಿತು.

ಶುಕ್ರವಾರ ಮಧ್ಯಾಹ್ನ ಶಶಿ ಬಂಗುಡೆ ಹುರಿದಿದ್ದಳು. ಆಫ್ರಿಕಾದಲ್ಲಿದ್ದಷ್ಟು ದಿನವೂ ನಾನು ನೆನೆಸಿಕೊಂಡದ್ದು ಇದೇ ಶುಕ್ರವಾರವನ್ನು. ಗಲ್ಫಿನ ಇದೇ ರಿಗ್ಗೈಯ ಫ್ಲ್ಯಾಟು, ಇದೇ ತಟ್ಟೆ. ಈಗ ಎಲ್ಲವೂ ಎದುರಿಗಿತ್ತು. ಮೀನಿನ ಒಂದು ಬದಿ ಬಿಡಿಸಿದೆ. ಬಾಯಿಗಿಡಲು ಆಗಲಿಲ್ಲ.

"ಎಂತ, ಉಪ್ಪು ಜಾಸ್ತಿಯಾ?" ಶಶಿ ಕೇಳಿದಳು.

"ಇಲ್ಲ. ಹಸಿವಿಲ್ಲ."

"ಬಂಗುಡೆ ಎದುರು ಕೂತು ಹಸಿವಿಲ್ಲ ಅಂತ ಹೇಳುವ ಜನವಾ ನೀವು? ಆಫ್ರಿಕಾದವರು ನನ್ನ ಗಂಡನನ್ನು ಅಲ್ಲೇ ಇಟ್ಕೊಂಡು ಬೇರೆ ಯಾರನ್ನೋ ಕಳಿಸಿದ ಹಾಗೆ ಉಂಟು."

ಮಗಳು ನಕ್ಕಳು. ನಾನೂ ನಕ್ಕೆ. ನಗುವಾಗ ತಲೆಯ ಹಿಂಬದಿಯಲ್ಲಿ ಸುತ್ತಿಗೆಯಿಂದ ಒಮ್ಮೆ ಬಡಿದ ಹಾಗಾಯಿತು.

ನಾನು ವೆಲ್ಡರ್. ಮೂಲ್ಕಿಯ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಈಗ ಮಗಳು ಓದುತ್ತಿರುವುದೂ ಅದೇ ಕ್ಲಾಸು. ಇಲ್ಲಿಯ ಮೀನಾ ಅಬ್ದುಲ್ಲಾ ಎಂಬಲ್ಲಿ ರಿಫೈನರಿ ಕೆಲಸದಲ್ಲಿ ಹೆಲ್ಪರ್ ಆಗಿ ಸೇರಿ ಫೋರ್‌ಮನ್ ಆದವನು. ಪೈಪಿನ ಜಾಯಿಂಟನ್ನು ನಮ್ಮಲ್ಲಿ ಎಕ್ಸ್‌ರೇ ತೆಗೆದು ನೋಡುತ್ತಾರೆ. ಹೊರಗಿನಿಂದ ಎಷ್ಟು ಚೆಂದ ಕಂಡರೂ ಒಳಗೆ ಸಣ್ಣ ಗುಳ್ಳೆ ಇದ್ದರೆ ಕತ್ತರಿಸಿ ಮತ್ತೆ ಮಾಡಬೇಕು. ನಾನು ಮಾಡಿದ ಜಾಯಿಂಟು ಕತ್ತರಿಸಿದ್ದು ತೀರಾ ಕಡಿಮೆ. ಕಾಯಿಲೆ ಎಂದು ರಜೆ ಹಾಕಿದ್ದು ಅದಕ್ಕಿಂತಲೂ ಕಡಿಮೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮೈ ನನ್ನ ಮಾತು ಕೇಳುತ್ತದೆ ಎಂದು ನಂಬಿಕೊಂಡಿದ್ದವನು ನಾನು.

ಕಂಪನಿಯವರು ಮೊಜಾಂಬಿಕ್‌ಗೆ ಕಳಿಸಿದ್ದು ಆ ನಂಬಿಕೆಯಿಂದಲೇ. ಬೈರಾ ಎಂಬ ಬಂದರು. ಎಣ್ಣೆ ಟ್ಯಾಂಕುಗಳ ಪೈಪ್ ಕೆಲಸ. ಎರಡು ತಿಂಗಳು ಎಂದಿದ್ದರು. ಎಳೆದೂ ಎಳೆದೂ ಅರ್ಧ ವರ್ಷವಾಯಿತು.

ವಿಮಾನ ಇಳಿದು ಕ್ಯಾಂಪಿಗೆ ಹೋಗುವ ದಾರಿಯುದ್ದಕ್ಕೂ ಕಿಟಕಿಗೆ ಮುಖ ಒತ್ತಿ ನೋಡಿದೆ. ತೆಂಗಿನ ಮರ, ಗೇರು ಮರ, ಮಾವು, ಉಪ್ಪು ಗಾಳಿ, ಬಲೆ ಒಣಗಿಸುವ ಹೆಂಗಸರು. ನಮ್ಮೂರಿನ ಕಡಲಿನ ಇನ್ನೊಂದು ದಡ ಅದು. ಅಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಅರ್ಮಾಂದೊ ನನ್ನನ್ನು 'ಮೆಸ್ತ್ರ' ಎಂದು ಕರೆಯುತ್ತಿದ್ದ. ಊರಿನಲ್ಲಿ ನಾವು ಮೇಸ್ತ್ರಿ ಎನ್ನುವ ಹಾಗೆಯೇ. ಚಾವಿಗೆ ಅವರು 'ಶಾವಿ' ಎನ್ನುತ್ತಾರೆ. ಪೋರ್ಚುಗೀಸರು ಎರಡೂ ದಡಕ್ಕೆ ಹಂಚಿಹೋದ ಮಾತುಗಳಂತೆ. ಇಷ್ಟೆಲ್ಲ ನಮ್ಮದೇ ಇರುವಾಗ ಬೇಸರ ಯಾಕೆ ಬರಬೇಕು? ಬಂತು. ಆದರೆ ನನಗೆ ನೆನಪಾದದ್ದು ಮೂಲ್ಕಿಯಲ್ಲ. ಒಂದು ಗೇರು ಮರವೂ ಇಲ್ಲದ ರಿಗ್ಗೈ. ಕೆಟ್ಟು ನಿಲ್ಲುವ ಅದರ ಲಿಫ್ಟು, ಬಾಗಿಲ ಹೊರಗೆ ಬಿಸಿ ಖುಬೂಸ್ ರೊಟ್ಟಿಯ ವಾಸನೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು. ಬೈರಾದಲ್ಲಿ ವಾರದ ರಜೆ ಇಲ್ಲಿಯ ಹಾಗೆ ಶುಕ್ರವಾರವಲ್ಲ, ಭಾನುವಾರ. ಶುಕ್ರವಾರ ಬಂತೆಂದರೆ ವೆಲ್ಡಿಂಗ್ ಟಾರ್ಚ್ ಹಿಡಿದ ಕೈ ತನ್ನಷ್ಟಕ್ಕೆ ಸೋಲುತ್ತಿತ್ತು. ಫ್ಲ್ಯಾಟಿನ ಚಾವಿಯನ್ನು ನಾನು ಅಲ್ಲಿಯೂ ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅಲ್ಲಿ ಅದರಿಂದ ತೆಗೆಯುವುದು ಏನೂ ಇರಲಿಲ್ಲ.

ಮಲೇರಿಯಾ ಬರದಿರಲು ಮಾತ್ರೆ ಕೊಟ್ಟಿದ್ದರು. ಹೊಟ್ಟೆ ಉರಿಯುತ್ತಿತ್ತು, ಬಿಟ್ಟೆ. ಮಂಗಳೂರಿನ ಕಡೆ ಬೆಳೆದವನಿಗೆ ಸೊಳ್ಳೆಯನ್ನು ಯಾರು ಪರಿಚಯ ಮಾಡಿಕೊಡಬೇಕು? ಹರೆಯದಲ್ಲಿ ನನಗೆ ಮಲೇರಿಯಾ ಬಂದಿತ್ತು. ದಿನ ಬಿಟ್ಟು ದಿನ, ಗಂಟೆ ಹೊಡೆದ ಹಾಗೆ ಚಳಿ. ಮಂಚವೇ ಅಲುಗುವಷ್ಟು ನಡುಕ. ಮರುದಿನ ಏನೂ ಆಗದವನಂತೆ ಎದ್ದು ಓಡಾಟ. ಮಲೇರಿಯಾ ಅಂದರೆ ಅದು ಎಂದು ನನಗೆ ಗೊತ್ತಿತ್ತು.

ಇದು ಹಾಗಿರಲಿಲ್ಲ. ತಲೆನೋವು, ಭೇದಿ, ಹೋಗದ ಆಯಾಸ. ಜ್ವರಕ್ಕೆ ಹೊತ್ತುಗೊತ್ತು ಇರಲಿಲ್ಲ. ಧೂಳಿನಿಂದ ಎಂದೆ. ಏಸಿಯಿಂದ ಎಂದೆ. ಅಲ್ಲಿಯ ಬೇಸರ ಮೈಯಿಂದ ಇನ್ನೂ ಇಳಿದಿಲ್ಲ ಎಂದೂ ಅಂದುಕೊಂಡೆ. ಜ್ವರದ ಮಾತ್ರೆ ಪನಡಾಲ್ ನುಂಗಿ ಕೆಲಸಕ್ಕೆ ಹೋದೆ. ಏಣಿಯ ಅರ್ಧದಲ್ಲಿ ಕಾಲು ಮುಂದೆ ಬರಲಿಲ್ಲ. ಕೆಳಗಿದ್ದವರು ನೋಡುತ್ತಿದ್ದರು. ಜಾಯಿಂಟ್ ಪರೀಕ್ಷೆ ಮಾಡುವವನಂತೆ ಅಲ್ಲಿಯೇ ಸ್ವಲ್ಪ ಹೊತ್ತು ನಿಂತು ಇಳಿದೆ.

ಕ್ಲಿನಿಕ್ಕಿಗೆ ಒಬ್ಬನೇ ಹೋದೆ. ಡಾಕ್ಟರು ಈಜಿಪ್ಟಿನವರು. ಪಕ್ಕದಲ್ಲಿದ್ದ ಮಲಯಾಳಿ ನರ್ಸ್ ಕೇಳಿದಳು.

"ಚೇಟ್ಟಾ, ನಾಟ್ಟಿಲ್ ಪೋಯೋ?"

ಅಣ್ಣಾ, ಊರಿಗೆ ಹೋಗಿದ್ದಿರಾ ಎಂದು. ಇಲ್ಲಿ ಜ್ವರ ಬಂದ ನಮ್ಮವರನ್ನು ಮೊದಲು ಕೇಳುವ ಪ್ರಶ್ನೆಯೇ ಅದು.

"ಇಲ್ಲ ಸಿಸ್ಟರ್, ಎರಡು ವರ್ಷ ಆಯ್ತು," ಎಂದೆ.

ಅದು ಸತ್ಯ.

ವೈರಲ್ ಎಂದರು. ಮತ್ತೆ ಪನಡಾಲ್. ಈ ದೇಶದಲ್ಲಿ ಕಾಲು ಮುರಿದುಕೊಂಡು ಹೋದರೂ ಮೊದಲು ಪನಡಾಲ್ ಕೊಡುತ್ತಾರೆ ಎಂದು ನಮ್ಮ ಸೈಟಿನಲ್ಲಿ ತಮಾಷೆ ಉಂಟು. ನಾನೂ ಹೇಳಿ ನಕ್ಕವನೇ.

ಜ್ವರ ಬಿಡಲಿಲ್ಲ. ಬೆಳಿಗ್ಗೆ ಮಗಳು ಶಾಲೆಗೆ ಹೊರಟವಳು ನನ್ನ ಮುಖ ನೋಡಿ ನಿಂತಳು.

"ಅಪ್ಪಾ, ಯುವರ್ ಐಸ್ ಆರ್ ಯೆಲ್ಲೋ."

ಶಶಿ ಆ ದಿನ ನನ್ನ ಒಂದು ಮಾತೂ ಕೇಳಲಿಲ್ಲ. ಟ್ಯಾಕ್ಸಿ ಕರೆಸಿದಳು. ದೊಡ್ಡಾಸ್ಪತ್ರೆಯ ಕ್ಯಾಶುವಲ್ಟಿಯಲ್ಲಿಯೂ ಇನ್ನೊಬ್ಬ ಮಲಯಾಳಿ ನರ್ಸ್ ಅದನ್ನೇ ಕೇಳಿದಳಂತೆ, ನಾನು ಅದನ್ನೇ ಹೇಳಿದೆನಂತೆ. ಇಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಶಶಿ ಹೇಳಿದ್ದನ್ನು ಬರೆಯುತ್ತಿದ್ದೇನೆ.

ರಕ್ತ ತೆಗೆದರು. ಪ್ಲೇಟ್‌ಲೆಟ್ ತುಂಬ ಇಳಿದಿತ್ತು. ಕಿಡ್ನಿಯೂ ಸರಿ ಇರಲಿಲ್ಲ. ಮೂತ್ರ ಹಾಲು ಹಾಕದ ಚಹಾದ ಬಣ್ಣ. ಡಾಕ್ಟರುಗಳು ಬಂದರು, ಹೋದರು. ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಮಂಚದ ಕಂಬಿ ಹಿಡಿದುಕೊಂಡು "ಚಾವಿ, ಚಾವಿ" ಎನ್ನುತ್ತಿದ್ದೆನಂತೆ.

"ಎಂತ ಕೇಳ್ತಾರೆ ಚೇಟ್ಟನ್?" ಎಂದಳಂತೆ ನರ್ಸ್.

"ಮನೆಯ ಚಾವಿ. ಇವರಿಗೆ ಈಗಲೂ ಬೈರಾದ ಕ್ಯಾಂಪಿನಲ್ಲಿ ಇದ್ದ ಹಾಗೆ ಆಗ್ತಾ ಉಂಟು ಸಿಸ್ಟರ್."

"ಬೈರಾ? ಅದೆಲ್ಲಿ?"

"ಆಫ್ರಿಕಾದಲ್ಲಿ. ಅಲ್ಲಿಂದ ಬಂದು ಎರಡು ವಾರ ಆಗಿದೆ ಅಷ್ಟೆ."

ನರ್ಸ್ ಬರೆಯುವುದನ್ನು ನಿಲ್ಲಿಸಿದಳು.

"ಊರಿಗೆ ಹೋಗಿಲ್ಲ ಅಂದ್ರಲ್ಲ?"

"ಊರಿಗೆ ಹೋಗ್ಲಿಲ್ಲ ಸಿಸ್ಟರ್. ಆಫ್ರಿಕಾಕ್ಕೆ ಹೋದದ್ದು."

ನರ್ಸ್ ಓಡಿದಳು. ಆಸ್ಪತ್ರೆಯಲ್ಲಿ ನರ್ಸ್ ಓಡುವುದನ್ನು ತಾನು ನೋಡಿದ್ದು ಅದೇ ಮೊದಲು ಎಂದು ಶಶಿ ಹೇಳುತ್ತಾಳೆ. ಮತ್ತೆ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರು.

ಮಲೇರಿಯಾ. ಫಾಲ್ಸಿಪಾರಮ್.

ತಲೆಗೆ ಏರುವ ಜಾತಿಯದು. ಐಸಿಯುಗೆ ಹಾಕಿ ಇಂಜೆಕ್ಷನ್ ಶುರು ಮಾಡಿದರು. ಉಳಿಯುತ್ತಾರಾ ಎಂದು ಶಶಿ ಕೇಳಿದ್ದಕ್ಕೆ ಡಾಕ್ಟರು, "ಇನ್ನೂ ತಡವಾಗಿಲ್ಲ ಅಂತ ಅಂದುಕೊಳ್ಳೋಣ" ಎಂದರಂತೆ. ಆ ಮಾತನ್ನು ಹಿಡಿದುಕೊಂಡು ಅವಳು ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಬಟ್ಟೆ ಬಿಚ್ಚಿದವರು ಜೇಬಿನ ಚಾವಿಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟಿದ್ದರು. ಊರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಅಳಬೇಕಾಗುತ್ತದೆ, ಅತ್ತರೆ ನಿಲ್ಲಿಸಲು ಪುರುಸೊತ್ತಿಲ್ಲ ಎಂದು.

ನನಗೆ ಪ್ರಜ್ಞೆ ಬಂದಾಗ ಮೊದಲು ಕಂಡದ್ದು ಅವಳ ಮುಖ. ಅವಳು ಅಳಲಿಲ್ಲ. ಬೈದಳು. ನಮ್ಮ ಮನೆಯ ಮಾತು ತುಳು, ತುಳುವಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. ಆದರೂ ಬರೆಯುತ್ತೇನೆ.

"ಊರಿಗೆ ಹೋಗಿದ್ರಾ ಅಂದ್ರೆ ಎಲ್ಲಿಗಾದ್ರೂ ಹೋಗಿದ್ರಾ ಅಂತ ಅರ್ಥ ಮಾರಾಯ್ರೆ. ಅಷ್ಟು ಗೊತ್ತಾಗುದಿಲ್ವಾ?"

"ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದೇನೆ," ಎಂದೆ. ಸ್ವರ ನನ್ನದೇ ಎಂದು ಗುರುತು ಸಿಗಲಿಲ್ಲ.

"ಹೌದು, ಸರಿಯಾಗಿಯೇ. ಫೋಟೋಗೆ ಹಾರ ಹಾಕುವಾಗ ಕೆಳಗೆ ಬರೆಸ್ತಿದ್ದೆ, ಇವರು ಸರಿಯಾದ ಉತ್ತರ ಕೊಟ್ಟು ಹೋದ್ರು ಅಂತ."

ನಕ್ಕರೆ ಪಕ್ಕೆ ನೋಯುತ್ತಿತ್ತು. ಆಗ ಅವಳು ಅತ್ತಳು.

ವಾರ್ಡಿಗೆ ಹಾಕಿದ ಮೇಲೆ ಮಲಗಿಕೊಂಡು ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ನಾನು ಸುಳ್ಳು ಹೇಳಲಿಲ್ಲ. ನರ್ಸ್ ತಪ್ಪು ಕೇಳಲಿಲ್ಲ. ಊರು ಎಂಬ ಒಂದು ಮಾತಿನೊಳಗೆ ಅವಳು ಇಟ್ಟ ಅರ್ಥ ಬೇರೆ, ನಾನು ಇಟ್ಟದ್ದು ಬೇರೆ. ಹೊರಗಿನಿಂದ ಜಾಯಿಂಟು ಚೆಂದವೇ ಇತ್ತು. ಗುಳ್ಳೆ ಇದ್ದದ್ದು ಒಳಗೆ. ಇನ್ನೊಂದು ಸಂಗತಿಯೂ ತಲೆಯಿಂದ ಹೋಗುವುದಿಲ್ಲ. ಬೈರಾದಲ್ಲಿ ಮೈ ಸ್ವಲ್ಪ ಬೆಚ್ಚಗಾದರೂ ಬೆರಳು ಚುಚ್ಚಿ ನೋಡುತ್ತಾರೆ. ಯಾವಾಗ ಇಲ್ಲಿಂದ ಬಿಡುಗಡೆ ಎಂದು ಯಾವ ಜಾಗದಲ್ಲಿ ಕಾಯುತ್ತಿದ್ದೆನೋ, ಅಲ್ಲಿದ್ದಿದ್ದರೆ ನನ್ನ ಕಾಯಿಲೆಯ ಹೆಸರು ಆ ಕೂಡಲೇ ಗೊತ್ತಾಗುತ್ತಿತ್ತು. ಅರ್ಮಾಂದೊಗೆ ಸುದ್ದಿ ಹೋಗಿ ಅವನು ಫೋನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದ. ನಮಗಿಬ್ಬರಿಗೂ ಬರುವ ಮುರುಕು ಇಂಗ್ಲಿಷಿನಲ್ಲಿ.

"ಮೆಸ್ತ್ರ, ಮಲೇರಿಯಾವಾ? ನನಗೂ ಈಗಷ್ಟೇ ಬಂದು ಹೋಯ್ತು. ಮಾತ್ರೆ ತಿಂದೆ, ಕೆಲಸಕ್ಕೆ ಬಂದೆ. ನೀವು ಅದಕ್ಕೆ ಐಸಿಯುವರೆಗೆ ಯಾಕೆ ಹೋದ್ರಿ?"

ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಆ ಸದ್ದನ್ನು ಎರಡು ಸಲ ಹಾಕಿಕೊಂಡು ಕೇಳಿದೆ. ಅಲ್ಲಿಯ ನೆನಪೂ ಬರುತ್ತದೆ ಎಂದು ಆಗ ಗೊತ್ತಾಯಿತು.

ಕೈ ಇನ್ನೂ ನಡುಗುತ್ತದೆ. ಚಹಾದ ಲೋಟ ಎರಡು ಕೈಯಲ್ಲಿ ಹಿಡಿಯುತ್ತೇನೆ. ಸರಿಯಾಗುತ್ತದೆ ಎಂದಿದ್ದಾರೆ ಡಾಕ್ಟರು. ಯಾವಾಗ ಎಂದು ಹೇಳಿಲ್ಲ. ಸರಿಯಾಗುವವರೆಗೆ ಟಾರ್ಚ್ ಮುಟ್ಟುವುದಿಲ್ಲ. ಕೆಟ್ಟ ಜಾಯಿಂಟು ಮಾಡುವುದಕ್ಕಿಂತ ಸುಮ್ಮನೆ ಕೂರುವುದು ಮೇಲು. ಸುಮ್ಮನೆ ಕೂರುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಅಂದು ಓಡಿದ ಆ ನರ್ಸಿನ ಹೆಸರು ನನಗೆ ಗೊತ್ತಿಲ್ಲ. ಡಿಸ್ಚಾರ್ಜ್ ದಿನ ಅವಳ ಡ್ಯೂಟಿ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಲಿಫ್ಟ್ ಸರಿಯಿತ್ತು. ಅದೊಂದು ಪುಣ್ಯ. ಕಟ್ಟಡದ ಕಾವಲಿನ ಬಂಗಾಳಿ ಭಾಯಿ ಓಡಿಬಂದು ಶಶಿಯ ಕೈಯಿಂದ ಬ್ಯಾಗ್ ತೆಗೆದುಕೊಂಡ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಭಾಯಿ, ತುಂಬ ಇಳಿದುಹೋಗಿದ್ದೀರಿ. ಊರಿಗೆ ಹೋಗಿದ್ರಾ?" ಎಂದ ಅವನ ಹಿಂದಿಯಲ್ಲಿ.

ಶಶಿ ನನ್ನ ಮುಖ ನೋಡಿದಳು. ಇನ್ನು ಮುಂದೆ ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

"ಮೊದಲು ಆಫ್ರಿಕಾ. ಆಮೇಲೆ ಆಸ್ಪತ್ರೆ," ಎಂದೆ. "ಊರಿಗೆ ಈಗ ಬಂದೆ ಭಾಯಿ."

ಅವನಿಗೆ ಏನು ಅರ್ಥವಾಯಿತೋ. ಲಿಫ್ಟಿನ ಬಟನ್ ಒತ್ತಿದ. ಶಶಿ ಪರ್ಸಿನಿಂದ ಚಾವಿಯಿದ್ದ ಆ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗಿಟ್ಟಳು.