ಚಿಕ್ಕಲಕ್ಷ್ಮಮ್ಮನ ಬಟ್ಟಲು ಮುದ್ದೆ

ಚಿಕ್ಕಲಕ್ಷ್ಮಮ್ಮ ಮುದ್ದೆ ಬಿಟ್ಟಿದ್ದಕ್ಕೇ ತೂಕ ಇಳಿಯಿತು ಅಂತ ಮಂಡ್ಯದಲ್ಲಿ ಯಾರ್ಯಾರೋ ಹೇಳಿಕೊಂಡು ಓಡಾಡುತ್ತಿದ್ದಾರಂತೆ. ಸುಳ್ಳು. ಅಪ್ಪಟ ಸುಳ್ಳು. ಗೌತಮಿ, ಇದನ್ನೇ ಮೊದಲು ಬರಿ. ಅವಳು ಒಂದು ದಿನವೂ ಮುದ್ದೆ ಬಿಡಲಿಲ್ಲ. ನಾನು ಪಕ್ಕದಲ್ಲೇ ಕೂತು ನೋಡಿದವಳು, ಅನುಮಾನ ಇದ್ದವರು ನನ್ನನ್ನು ಬಂದು ಕೇಳಲಿ.

ಅವಳು ಕೊತ್ತತ್ತಿಯವಳು. ಅರವತ್ತೆರಡು ವರ್ಷ. ಗಂಡ ದೊಡ್ಡಬೀರಯ್ಯನ ಜೊತೆ ನಾಲೆ ಬಯಲಲ್ಲಿ ಭತ್ತ, ಕಬ್ಬು ಬೆಳೆದುಕೊಂಡು, ಎರಡು ಎಮ್ಮೆ ಕಟ್ಟಿಕೊಂಡು ಇರುವವಳು. ನಾನು ಆ ಊರಿನ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದೆ. ಅವಳ ಮಗ ಹೇಮಂತ್ ನನ್ನ ಕ್ಲಾಸಿನಲ್ಲೇ ಇದ್ದ. ಏಳರ ಮಗ್ಗಿ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ, ಆದರೂ ಒಳ್ಳೆಯ ಹುಡುಗ. ನಾನು ಊಟದ ಡಬ್ಬಿ ಮರೆತ ದಿನ ಅವಳು ಬಾಳೆಹಣ್ಣು ಹಿಡಿದುಕೊಂಡು ಶಾಲೆಯ ಬಾಗಿಲಿಗೆ ಬರುತ್ತಿದ್ದಳು. "ನೀವು ಐನೋರು, ನಮ್ಮನೇಲಿ ಉಣ್ಣಾಕಿಲ್ಲ. ಹಣ್ಣಾದ್ರೂ ತಿನ್ನಿ ಟೀಚ್ರಮ್ಮ" ಅನ್ನುವಳು. ನಾನು ತಿನ್ನುತ್ತಿದ್ದೆ. ಮನೆಯೊಳಗೆ ಹೋಗಿ ಊಟಕ್ಕೆ ಕೂರಲಿಲ್ಲ. ಅದು ನನ್ನ ತಪ್ಪು, ಅದನ್ನೂ ಬರಿ.

ಹೋದ ವರ್ಷ ಅವಳ ಮಂಡಿ ಎರಡೂ ಕೈಕೊಟ್ಟವು. ಕೊಟ್ಟಿಗೆಯ ಹೊಸ್ತಿಲು ದಾಟಬೇಕಾದರೂ ಗೋಡೆ ಹಿಡಿಯಬೇಕು. ಎಮ್ಮೆಯ ಕೆಚ್ಚಲ ಕೆಳಗೆ ಕುಕ್ಕರಗಾಲಲ್ಲಿ ಕೂರುವುದಂತೂ ಆಗದ ಮಾತು. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಎಂಬತ್ನಾಲ್ಕು ಕೆಜಿ ಇದ್ದೀರಿ ತಾಯಿ. ಎಪ್ಪತ್ತೆಂಟಕ್ಕೆ ಇಳಿದು ಬನ್ನಿ, ಆಮೇಲೆ ಆಪರೇಷನ್" ಅಂದರಂತೆ. ಆರು ಕೆಜಿ. ಆರು ಕೆಜಿ ಇಳಿದರೆ ಅವಳು ಮತ್ತೆ ನಡೆದಾಡುವ ಹೆಂಗಸು. ಇಳಿಯದಿದ್ದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೊಸೆ ತಂದುಕೊಟ್ಟಿದ್ದನ್ನು ಕುಡಿಯುವ ಹೆಂಗಸು.

ಸೊಸೆ ಹೇಮಶ್ರೀ ಜಾಣೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅತ್ತೆಯನ್ನು ನಮ್ಮ ತೂಕ ಇಳಿಸುವ ಕ್ಲಾಸಿಗೆ ತಂದು ಬಿಟ್ಟಳು. ಮಂಡ್ಯದ ಅಶೋಕನಗರದಲ್ಲಿ ಔಷಧಿ ಅಂಗಡಿಯ ಪಕ್ಕದ ಹಾಲ್‌ನಲ್ಲಿ ಬುಧವಾರ ಬುಧವಾರ ಆ ಕ್ಲಾಸು. ನಾನು ಸಕ್ಕರೆ ಕಾಯಿಲೆಗೆ ಅಂತ ಆಗಲೇ ಸೇರಿಕೊಂಡಿದ್ದೆ. ನಡೆಸುವವಳು ದೀಪಿಕ, ಮದ್ದೂರಿನ ಹುಡುಗಿ, ಊಟದ ವಿಷಯವನ್ನೇ ಓದಿದವಳು. ಪ್ರತಿ ತಿಂಡಿಗೂ ಒಂದು ಪಾಯಿಂಟು. ಇಡ್ಲಿಗೆ ಎರಡು, ದೋಸೆಗೆ ನಾಲ್ಕು, ಸೊಪ್ಪು ತರಕಾರಿಗೆ ಸೊನ್ನೆ. ದಿನಕ್ಕೆ ಇಪ್ಪತ್ನಾಲ್ಕು ಪಾಯಿಂಟು ದಾಟಬಾರದು. ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು, ವಾರಕ್ಕೊಮ್ಮೆ ಎಲ್ಲರೆದುರು ತೂಕದ ಮೆಷಿನ್ ಹತ್ತಬೇಕು. ಹತ್ತುವ ಮೊದಲು ಹೆಂಗಸರೆಲ್ಲ ಬಳೆ, ವಾಚು, ಕಿವಿಯ ಓಲೆಯವರೆಗೂ ಬಿಚ್ಚಿಡುವುದನ್ನು ನೀನು ನೋಡಬೇಕಿತ್ತು. ಇವಳು ಏನನ್ನೂ ಬಿಚ್ಚಲಿಲ್ಲ. "ನನ್ ತೂಕ ನನ್ ಬಳೆ ಸೇರ್ಸೇ" ಅಂದಳು.

ಮೊದಲ ದಿನವೇ ಜಗಳ. ದೀಪಿಕ ಪಾಪ, ಎಲ್ಲರಿಗೂ ಹೇಳುವ ಹಾಗೆ ಹೇಳಿದಳು.

"ಪ್ರತಿ ತುತ್ತನ್ನೂ ಮೂವತ್ತು ಸಲ ಅಗೀಬೇಕು. ಬೇಗ ಹೊಟ್ಟೆ ತುಂಬಿದ ಹಾಗೆ ಅನ್ಸುತ್ತೆ."

"ಹಿಟ್ಟುನ್ನೂವಾ?" ಇವಳು ಎದ್ದೇಬಿಟ್ಟಳು. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು.

"ಹೂಂ ಆಂಟಿ, ಎಲ್ಲಾನೂ."

"ಏನವ್ವ, ಹಿಟ್ಟು ಅಗೀತಾರಾ ಯಾರಾದ್ರೂ? ಹಲ್ಲಿಗೆ ಮೆತ್ಕಂಡು ಮನ್ಸ ಸಾಯ್ತಾನೆ. ಅದು ನುಂಗಾದು ಕಣವ್ವ, ನುಂಗಾದು. ನಿಮ್ಮಜ್ಜಿ ಏಳ್ಕೊಡ್ನಿಲ್ವಾ?"

ಇಡೀ ಹಾಲ್ ನಕ್ಕಿತು. ದೀಪಿಕಳೂ ನಕ್ಕಳು. ಆದರೆ ಮೂರನೆಯ ವಾರ ಯಾರೂ ನಗಲಿಲ್ಲ. ಎಂಬತ್ನಾಲ್ಕು ಇದ್ದವಳು ಎಂಬತ್ನಾಲ್ಕೂವರೆ ತೂಗಿದಳು.

ದೀಪಿಕ ಪುಸ್ತಕ ತಿರುವಿ ನೋಡಿದಳು. ಚಿಕ್ಕಲಕ್ಷ್ಮಮ್ಮ ಏಳನೇ ತರಗತಿ ಓದಿದವಳು, ಅಕ್ಷರ ಮುತ್ತಿನ ಹಾಗೆ. ಮಧ್ಯಾಹ್ನ ಮುದ್ದೆ ಒಂದು, ನಾಲ್ಕು ಪಾಯಿಂಟು. ರಾತ್ರಿ ಮುದ್ದೆ ಒಂದು, ನಾಲ್ಕು ಪಾಯಿಂಟು. ಮಿಕ್ಕ ಹದಿನಾರಕ್ಕೆ ದೋಸೆ, ಬಾಳೆಹಣ್ಣು, ಸಂಜೆ ಒಂದಿಷ್ಟು ಬೆಲ್ಲ ಕಡಲೆಬೀಜ. ಕೆಳಗೆ ಒಟ್ಟು ಇಪ್ಪತ್ನಾಲ್ಕು, ದಿನವೂ ಇಪ್ಪತ್ನಾಲ್ಕೇ.

"ಒಂದಿನಾನೂ ಕಮ್ಮಿ ತಗೊಂಡಿಲ್ಲ ಕಣವ್ವ. ಇಪ್ಪತ್ನಾಕಕ್ಕೆ ಇಪ್ಪತ್ನಾಕೂ ತಗೊಂಡಿವ್ನಿ" ಅಂದಳು ಹೆಮ್ಮೆಯಿಂದ.

ಎಲ್ಲಾ ಪಾಯಿಂಟೂ ತೆಗೆದರೆ ಪಾಸು ಅಂದುಕೊಂಡಿದ್ದಳು. ಪರೀಕ್ಷೆಯಲ್ಲವೇ ಮತ್ತೆ! ಹಸಿವಿಲ್ಲದಿದ್ದರೂ ಮಿಕ್ಕಿದ್ದನ್ನು ಕೂತು ತಿಂದು ಮುಗಿಸುತ್ತಿದ್ದಳು. ದೀಪಿಕ ಅದನ್ನು ತಿದ್ದಿದಳು, ಸರಿ. ಆದರೆ ಇಪ್ಪತ್ನಾಲ್ಕು ತಿಂದರೂ ತೂಕ ಏರಬಾರದಲ್ಲ? ಆ ಹುಡುಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಅಂದಳು.

"ಆಂಟಿ, ಬರೀದೆ ತಿಂದಿದ್ದು ಪುಸ್ತಕದಲ್ಲಿ ಕಾಣಲ್ಲ. ಮೆಷಿನ್‌ನಲ್ಲಿ ಕಾಣುತ್ತೆ."

ಚಿಕ್ಕಲಕ್ಷ್ಮಮ್ಮನ ಮುಖ ಕೆಂಪಾಯಿತು. "ಕದ್ದು ತಿಂದೆ ಅಂತೀಯಾ? ನನ್ನ?"

ಈಗ ನನ್ನ ಮಾತು ಬರಿ ಗೌತಮಿ, ನಿಲ್ಲಿಸಬೇಡ. ಕದ್ದು ತಿಂದವಳು ಆ ಹಾಲ್‌ನಲ್ಲಿ ಇದ್ದಳು. ಅದು ನಾನು. ಮಂಗಳವಾರ ಮಂಗಳವಾರ ಮದ್ದೂರಿಗೆ ತಂಗಿಯನ್ನು ನೋಡಲು ರೈಲಿನಲ್ಲಿ ಹೋಗುತ್ತಿದ್ದೆನಲ್ಲ, ಬರುವಾಗ ಎರಡು ವಡೆ. ಈರುಳ್ಳಿ ಹಾಕಿದ್ದು, ಅಂಚು ಗರಿಗರಿ, ಕಾಗದದಲ್ಲಿ ಎಣ್ಣೆ ಇಳಿದಿರುತ್ತೆ. ನಿನ್ನ ತಾತ ತಿರುನಾರಾಯಣ ಈರುಳ್ಳಿ ಮುಟ್ಟದವರು, ಅವರ ಭಯಕ್ಕೆ ಹನಕೆರೆ ಬರುವಷ್ಟರಲ್ಲಿ ಮುಗಿಸಿ ಬಾಯಿ ತೊಳೆದುಬಿಡುತ್ತಿದ್ದೆ. ಪುಸ್ತಕದಲ್ಲಿ ಬರೆದದ್ದು 'ಸೌತೆಕಾಯಿ, ಸೊನ್ನೆ'. ಅವಳನ್ನು ಕಳ್ಳಿ ಅಂದಾಗ ನಾನು ಚಪ್ಪಲಿ ನೋಡುತ್ತಾ ಕೂತಿದ್ದೆ.

ಅವಳು ಅಳಲಿಲ್ಲ. ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು, "ಮುಂದಿನ್ ಬುಧ್ವಾರ ಬತ್ತೀನಿ. ಆ ತಕ್ಕಡಿ ಇಲ್ಲೇ ಮಡಗಿರು" ಅಂದು ಹೋದಳು.

ಬುಧವಾರ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬೆಳಿಗ್ಗೆ ತಾನೇ ಕಟ್ಟಿದ ಮುದ್ದೆ, ಇನ್ನೂ ಬೆಚ್ಚಗೆ. ದೀಪಿಕಳ ಮೇಜಿನ ಮೇಲಿದ್ದ, ತಿಂಡಿ ತೂಗುವ ಚಿಕ್ಕ ತಕ್ಕಡಿಯ ಮೇಲೆ ಅದನ್ನು ಇಟ್ಟಳು.

"ಇದು ನಮ್ಮನೆ ಹಿಟ್ಟು. ಒಂದು. ತೂಗವ್ವ."

ನಾನೂರ ಇಪ್ಪತ್ತು ಗ್ರಾಂ.

ದೀಪಿಕ ಪಟ್ಟಿ ತೆಗೆದು ನೋಡಿದಳು. ಅಲ್ಲಿ ಬರೆದಿತ್ತು: ರಾಗಿಮುದ್ದೆ, ಒಂದು, ನಾಲ್ಕು ಪಾಯಿಂಟು. ಒಳಗಿನ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಒಂದು ಅಂದರೆ ನೂರು ಗ್ರಾಂ. ನೂರು ಗ್ರಾಂ ಅಂದರೆ ದೊಡ್ಡ ನಿಂಬೆಹಣ್ಣಿನಷ್ಟು. ಆ ಲೆಕ್ಕದಲ್ಲಿ ಇವಳ ಒಂದು ಮುದ್ದೆಗೆ ಹದಿನೇಳು ಪಾಯಿಂಟು! ಹುತ್ತದ ಹಾಗೆ ಕೂತಿದ್ದ ಆ ಮುದ್ದೆಯ ಪಕ್ಕ ದೀಪಿಕ ತನ್ನ ಮುಷ್ಟಿ ಇಟ್ಟು ನೋಡಿದಳು.

"ಇದು... ಒಬ್ಬರಿಗಾ ಆಂಟಿ?"

"ಇನ್ನೇನು ಊರಿಗಾ? ಒಬ್ರಿಗೆ ಒಂದು. ಅರ್ಧ ಇಕ್ಕಾದು ಮಕ್ಕಳಿಗೆ, ಜರ ಬಂದು ಮನಗಿರೋರ್ಗೆ. ಒಂದು ಅಂತ ಬರ್ದಿದ್ರಿ, ಒಂದು ಉಂಡೆ, ಒಂದು ಅಂತ ಬರ್ದೆ. ಇದ್ರಲ್ಲಿ ಕದ್ದಿದ್ದೇನು? ನಿಂಬೆಅಣ್ಣು ಅಂತ ಬರೀಬೇಕಾಗಿತ್ತು ನೀನು."

"ಸಾರಿ ಆಂಟಿ. ನಂದೇ ತಪ್ಪು" ಅಂದಳು ದೀಪಿಕ. ಒಪ್ಪಿಕೊಂಡಳು, ಅದು ದೊಡ್ಡ ಗುಣ. ನನಗಿರಲಿಲ್ಲ. ಆಮೇಲೆ ಸಮಾಧಾನಕ್ಕೆ ಅಂತ ಒಂದು ಮಾತು ಸೇರಿಸಿದಳು, ಅದೇ ಎಡವಟ್ಟಾಯಿತು. "ಹಾಗಾದ್ರೆ ಮುದ್ದೆ ಬಿಟ್ಬಿಡಿ. ಓಟ್ಸ್ ಗಂಜಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಇದರಲ್ಲೇ ಕಾಲು ಭಾಗ ಮುರ್ಕೊಂಡು ತಿನ್ನಿ."

"ಬುಡಾಕಿಲ್ಲ" ಅಂದಳು ಇವಳು. "ಕಾಲ್ ಬಾಗ ಮುರ್ಕಂಡು ತಿನ್ನಾಕೆ ನಾನೇನು ಉಳ್ದಿದ್ದು ಬಳ್ದಿದ್ದು ತಿನ್ನೋಳಾ? ಆರು ಕೇಜಿ ಇಳೀಬೇಕು ತಾನೆ? ಹಿಟ್ಟು ಉಂಡೇ ಇಳೀತೀನಿ. ಇಳಿದ್ರೆ ನಿನ್ ಪಟ್ಟೀಲಿ ನನ್ ಹಿಟ್ಟು ಬರೀಬೇಕು. ಇಳೀನಿಲ್ಲ ಅಂದ್ರೆ ಈ ಕಡೆ ತಲೆ ಆಕಾಕಿಲ್ಲ."

ಮನೆಗೆ ಹೋಗಿ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹರಡಿಕೊಂಡು ಕೂತಳಂತೆ. ಮೊಮ್ಮಗಳು ತೇಜುಗೆ ಹಾಲನ್ನ ಉಣ್ಣಿಸಿದ್ದ ಒಂದು ಸ್ಟೀಲ್ ಬಟ್ಟಲು ಸಿಕ್ಕಿತು. ಅದರಲ್ಲಿ ಬಿಸಿ ಹಿಟ್ಟು ಒತ್ತಿ ತೂಗಿದರೆ ನೂರೈವತ್ತು ಗ್ರಾಂ. ಆರು ಪಾಯಿಂಟು. ಬಟ್ಟಲನ್ನು ತಟ್ಟೆಗೆ ಬೋರಲು ಹಾಕಿ, ಒದ್ದೆ ಕೈಯಲ್ಲಿ ನಯ ಮಾಡಿದರೆ ಪುಟ್ಟ ಇಡೀ ಮುದ್ದೆ. ಮುರಿದದ್ದಲ್ಲ. ಒಂದು.

ದೊಡ್ಡಬೀರಯ್ಯ ನೋಡಿ, "ಏನಮ್ಮಿ ಇದು, ಕೋಳಿ ಮೊಟ್ಟೆ ಇಕ್ಕದೋ?" ಅಂದನಂತೆ.

"ನಿನ್ ಮುದ್ದೆ ನೀನುಣ್ಣು, ಸುಮ್ಕಿರು. ನನ್ ಮಂಡಿ ನೀನ್ ಒರ್ತೀಯಾ?"

ಸಣ್ಣ ಮುದ್ದೆಗೆ ಹೊಟ್ಟೆ ತುಂಬಬೇಕಲ್ಲ, ಅದಕ್ಕೆ ಉಪ್ಸಾರು. ದೀಪಿಕಳ ಪುಸ್ತಕದಲ್ಲಿ ಏನೇನೋ ಸೂಪು ಇದ್ದವು, ಇವಳು ಒಂದನ್ನೂ ಮಾಡಲಿಲ್ಲ. ನಾನು ನೋಡಿ ಬರುತ್ತೇನೆ ಅಂತ ಕೊತ್ತತ್ತಿಗೆ ಹೋದೆ. ಬರಕೋ, ನಿನಗೂ ಬೇಕಾಗುತ್ತೆ. ಒಂದು ಹಿಡಿ ಅಲಸಂದೆ ಕಾಳು ಬೇಯಿಸಬೇಕು. ಅರ್ಧ ಬೆಂದಾಗ ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು, ಉಪ್ಪು. ಬೆಂದ ಮೇಲೆ ಆ ನೀರನ್ನು ಬಸಿದು ಇಟ್ಟುಕೊಳ್ಳಬೇಕು, ಅದೇ ಉಪ್ಸಾರು, ಚೆಲ್ಲಿದರೆ ನೀನು ನನ್ನ ಮೊಮ್ಮಗಳಲ್ಲ. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಒಂದು ಚೂರು ಹುಣಸೆ, ಉಪ್ಪು, ಕಲ್ಲಿನಲ್ಲಿ ಅರೆದರೆ ಖಾರ. ಸೊಪ್ಪು ಕಾಳಿಗೆ ಅರ್ಧ ಚಮಚ ಎಣ್ಣೆಯ ಒಗ್ಗರಣೆ. ಉಣ್ಣುವ ಕ್ರಮ ಅವಳದೇ: ಮೊದಲು ಒಂದು ತಟ್ಟೆ ಸೊಪ್ಪು, ಆಮೇಲೆ ಬಿಸಿ ಉಪ್ಸಾರಿಗೆ ಖಾರ ಕಲೆಸಿ ಒಂದು ಲೋಟ, ಕೊನೆಗೆ ಮುದ್ದೆ. ಮುದ್ದೆ ಬರುವಷ್ಟರಲ್ಲಿ ಅರ್ಧ ಹಸಿವು ಹೋಗಿರುತ್ತೆ. ಅವತ್ತು ನನಗೂ ತಟ್ಟೆ ಹಾಕು ಅಂದೆ. ಅವಳು ನನ್ನ ಮುಖ ನೋಡಿದಳು. "ಬೆಳ್ಳುಳ್ಳಿ ಅದೆ ಟೀಚ್ರಮ್ಮ" ಅಂದಳು. ಇರಲಿ ಬಿಡು, ಹಾಕು ಅಂದೆ. ಮೂವತ್ತು ವರ್ಷದ ಮೇಲೆ ಮೊದಲ ಸಲ ಆ ಮನೆಯಲ್ಲಿ ಕೂತು ಉಂಡೆ. ವಡೆಯ ವಿಷಯ ಅವಳಿಗೆ ಹೇಳಿದ್ದೂ ಅವತ್ತೇ. ತುತ್ತು ನುಂಗಿ, "ಗೊತ್ತಿತ್ತು. ಬುಧ್ವಾರ ನಿಮ್ ಚೀಲ ವಡೆ ವಾಸ್ನೆ" ಅಂದಳು! ಗೊತ್ತಿದ್ದೂ ಎಲ್ಲರೆದುರು ನನ್ನನ್ನು ತೋರಿಸಿಕೊಡಲಿಲ್ಲ ನೋಡು.

ತೂಕ ಇಳಿಯತೊಡಗಿತು. ಒಂದು ವಾರ ಮುನ್ನೂರು ಗ್ರಾಂ, ಒಂದು ವಾರ ಮುಕ್ಕಾಲು ಕೆಜಿ. ಎಂಟು ವಾರದಲ್ಲಿ ಎಂಬತ್ತೂವರೆಗೆ ಬಂದಳು. ಆಗ ಬಂತು ಬೀಗರೂಟ.

ಅವಳ ಅಣ್ಣ ಕರಿಯಯ್ಯ ಇರುವುದು ಆತಗೂರಿನಲ್ಲಿ. ಮಗಳ ಮದುವೆ ಮಾಡಿ ಬಾಡೂಟ ಇಟ್ಟಿದ್ದ. ನನ್ನನ್ನೂ ಕರೆದಿದ್ದರು, ಹೋಗಿ ಬಾಳೆಹಣ್ಣು ತಿಂದು ಕೂತೆ. ಬೀಗರೂಟದಲ್ಲಿ ಬೇಡ ಅಂದರೆ ಕರೆದವರಿಗೆ ಅವಮಾನ. ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಆ ಕೈಯ ಮೇಲೇ ಬಡಿಸುತ್ತಾರೆ. ಚಿಕ್ಕಲಕ್ಷ್ಮಮ್ಮ ಮಂಡಿನೋವಿಗೆ ಅಂತ ಮೇಜಿನ ಸಾಲಿನಲ್ಲಿ ಕೂತು, ಚೀಲದಿಂದ ಆ ಸ್ಟೀಲ್ ಬಟ್ಟಲು ತೆಗೆದು ಎಲೆಯ ಪಕ್ಕ ಇಟ್ಟಳು.

"ನೋಡ್ಲಾ, ಬೀಗ್ರೂಟಕ್ಕೆ ಅಳತೆ ತಕ್ಕಬಂದವ್ಳೆ!" ಯಾರೋ ಕೂಗಿದರು.

ಕರಿಯಯ್ಯನೇ ಮುದ್ದೆಯ ತಟ್ಟೆ ಹಿಡಿದು ಬಂದ. "ಏನವ್ವ ತಂಗಿ, ಅಣ್ಣನ ಮನೇಲಿ ಹಿಟ್ಟಿಗೆ ಬರಾನಾ? ನನ್ ಮಾನ ಕಳೀತೀಯಾ?"

"ಕಳ್ಯಾಕಿಲ್ಲ ಕಣಣ್ಣ. ಈ ಬಟ್ಲು ತುಂಬ ಇಕ್ಕು, ತುಂಬಿದ್ ಮೇಲೆ ಒಂದು ಅಂತ ಎಣಿಸ್ಕೊ."

"ಒಂದೇ ಒಂದು ದಿನಕ್ಕೆ ಏನಾಯ್ತದೆ ಬುಡು."

"ನಾಳೆ ನನ್ನ ಎತ್ಕಂಡು ಎಮ್ಮೆ ತಾವ ಕೂರ್ಸಾಕೆ ನೀನು ಬತ್ತೀಯಾ? ಬತ್ತೀನಿ ಅನ್ನು, ಎರಡು ಮುದ್ದೆ ಉಣ್ತೀನಿ."

ಕರಿಯಯ್ಯ ಮುದ್ದೆಯ ತಟ್ಟೆಯನ್ನು ಮೇಜಿನ ಮೇಲಿಟ್ಟ. ಆಮೇಲೆ ಬಗ್ಗಿ ಬಟ್ಟಲು ತೆಗೆದುಕೊಂಡು ತಾನೇ ಹಿಟ್ಟು ಒತ್ತಿದ. ಅಂಚಿನ ಮೇಲೆ ಗೋಪುರ ಕಟ್ಟಲು ನೋಡಿದ; ಇವಳು ಬೆರಳಿನಲ್ಲಿ ಸವರಿ ಹೆಚ್ಚಿದ್ದನ್ನು ವಾಪಸು ಹಾಕಿದಳು. ಮಾಂಸ ಮೂರು ತುಂಡು, ಸಾರು ಬೇಕಾದಷ್ಟು. ಮನೆಗೆ ಹೋಗಿ ಎಲ್ಲಾ ಬರೆದಳು, ಬೆರಳಿಗೆ ಮೆತ್ತಿದ್ದನ್ನೂ ಅರ್ಧ ಪಾಯಿಂಟು ಅಂತ ಸೇರಿಸಿ.

ಹದಿನಾರನೆಯ ವಾರ. ಅವತ್ತು ಮೆಷಿನ್ ಸುತ್ತ ನಾವೆಲ್ಲ ನಿಂತಿದ್ದೆವು. ಎಪ್ಪತ್ತೆಂಟು, ಇನ್ನೂರು ಗ್ರಾಂ. ಇನ್ನೂರು ಜಾಸ್ತಿ!

"ಬಳೆ ಬಿಚ್ಚೇ, ಓಲೆ ಬಿಚ್ಚೇ" ಅಂದೆ ನಾನು.

"ಸುಮ್ಕಿರಿ ಟೀಚ್ರಮ್ಮ. ಬಳೆ ಬಿಚ್ಚಿ ಇಳ್ದಿದ್ದು ಮಂಡಿಗೆ ಗೊತ್ತಾಗಾಕಿಲ್ವಾ? ಮುಂದಿನ್ ವಾರ ಬತ್ತೀನಿ."

ಮುಂದಿನ ವಾರ ಬಳೆ, ಓಲೆ, ಕಾಲುಂಗುರ ಎಲ್ಲಾ ಸೇರಿ ಎಪ್ಪತ್ತೇಳು, ಎಂಟುನೂರು. ದೀಪಿಕ ಗೋಡೆಗೆ ಅಂಟಿಸಿದ್ದ ಪಾಯಿಂಟು ಪಟ್ಟಿಯ ಹತ್ತಿರ ಹೋಗಿ, 'ರಾಗಿಮುದ್ದೆ, ಒಂದು' ಅನ್ನುವುದನ್ನು ಹೊಡೆದು ಹಾಕಿ ಬರೆದಳು: 'ಬಟ್ಟಲು ಮುದ್ದೆ, ನೂರೈವತ್ತು ಗ್ರಾಂ, ಆರು. ಉಪ್ಸಾರು, ಎಷ್ಟಾದರೂ ಸೊನ್ನೆ.' ಇವಳು ಕನ್ನಡಕ ಹಾಕಿಕೊಂಡು ಓದಿ, "ಕಾಳಿಗೆ ಒಂದು ಪಾಯಿಂಟು ಸೇರ್ಸವ್ವ, ಸುಳ್ಳು ಬರೀಬ್ಯಾಡ" ಅಂದಳು. ಪಕ್ಕದಲ್ಲಿ ನಿಂತಿದ್ದ ನಾನು ನನ್ನ ಪುಸ್ತಕ ತೆಗೆದು, ಹಳೆಯ ಮಂಗಳವಾರಗಳ ಸೌತೆಕಾಯಿಯನ್ನೆಲ್ಲ ಹೊಡೆದು ವಡೆ ಅಂತ ತಿದ್ದಿದೆ.

ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ತೂಕ ನೋಡಿ ಖುಷಿಪಟ್ಟರು. "ಭೇಷ್ ತಾಯಿ. ಏನು ಬಿಟ್ರಿ, ಮುದ್ದೆ ಬಿಟ್ರಾ?"

"ಉಂಡೇ ಇಳ್ದಿದ್ದು."

ಅವರು ನಕ್ಕು ತಾರೀಕು ಬರೆದುಕೊಟ್ಟರು. "ಒಂದು ಮಾತು. ಆಪರೇಷನ್ ದಿನ ಮಾತ್ರ ಖಾಲಿ ಹೊಟ್ಟೇಲಿ ಬರಬೇಕು. ಮುದ್ದೆ ಇಲ್ಲ."

ಚಿಕ್ಕಲಕ್ಷ್ಮಮ್ಮ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಬೆಳಿಗ್ಗೆ ಬುಡ್ತೀನಿ" ಅಂದಳು. "ರಾತ್ರಿ ಉಣ್ಬೋದಾ?"