ಒಂದು ಲಾಗಿನ್, ಎರಡು ಊರು

ನಮ್ಮ ಕಡೆ ಹೊಸಬರು ಊರಿಗೆ ಬಂದರೆ ಮೊದಲು ಕೇಳುವುದು ‘ಯಾರ ಮನೆಯೋರಪ್ಪಾ?’ ಎಂದು. ಸರಿಯಾದ ಉತ್ತರ ಬಂದರೆ ಕುಡಿಯಲು ನೀರು, ಇಲ್ಲದಿದ್ದರೆ ಅನುಮಾನ. ನಾನು ಶ್ರೀನಿವಾಸಪುರದಲ್ಲಿ ಅಂಗಡಿಯಿಟ್ಟು ಸುತ್ತಲಿನ ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವವನು. ಊರಿಗೊಂದು ಕಂಬ, ಕಂಬಕ್ಕೊಂದು ರೌಟರ್. ಆ ರೌಟರ್‌ಗಳ ಕೆಲಸವೂ ಇದೇ. ಫೋನ್ ಹಿಡಿದು ಬಂದವರ ಹೆಸರು, ಪಾಸ್‌ವರ್ಡ್ ಕೇಳಿ ಒಳಗೆ ಬಿಡುವುದು. ಆದರೆ ಒಂದೊಂದು ರೌಟರೂ ತನ್ನೂರಿನವರನ್ನು ಮಾತ್ರ ಬಲ್ಲದು. ಮಾವಿನ ಕಾಲದಲ್ಲಿ ಜನ ಪಕ್ಕದೂರಿನ ತೋಟಗಳಲ್ಲಿ ಬಿಡಾರ ಹೂಡಿದಾಗ ಅಲ್ಲಿನ ರೌಟರ್ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಬೈಗುಳವೆಲ್ಲ ನನಗೆ.

ಬೈಸಿಕೊಂಡು ಸಾಕಾಗಿ, ಈ ವರ್ಷ ಎಲ್ಲ ರೌಟರ್‌ಗಳೂ ನನ್ನ ಅಂಗಡಿಯ ಒಂದೇ ಕಂಪ್ಯೂಟರನ್ನು ಕೇಳುವಂತೆ ಮಾಡಿದೆ. ಇನ್ನು ಮೇಲೆ ಯಾವ ಊರಿನ ಗಿರಾಕಿ ಯಾವ ಊರಿಗೆ ಹೋದರೂ ಅದೇ ಲಾಗಿನ್ ನಡೆಯುತ್ತದೆ. ಜೊತೆಗೆ ನನ್ನದೊಂದು ಕಟ್ಟಳೆ ಸೇರಿಸಿದೆ: ಒಂದು ಲಾಗಿನ್ ಒಂದು ಸಲಕ್ಕೆ ಒಂದೇ ಊರಿನಲ್ಲಿ. ಇನ್ನೊಂದೂರಿನಲ್ಲಿ ತೆರೆದರೆ ಹಿಂದಿನ ಊರಿನದು ತಾನಾಗಿ ಮುಚ್ಚಿಕೊಳ್ಳಬೇಕು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಹೋಳೂರಿನ ಆಚೆ ಗುಡ್ಡದ ಮಗ್ಗುಲಲ್ಲಿ ಹಿಪ್ಪುನೇರಳೆ ತೋಟದ ಒಂದು ಮನೆಯಿದೆ. ರೇಷ್ಮೆ ಸಾಕುವವರು. ಆ ಮನೆಯ ಯಜಮಾನಿ ನನ್ನ ಹಳೆಯ ಗಿರಾಕಿ, ನನ್ನನ್ನು ಗದರಿಸುವ ಹಕ್ಕು ತಾವೇ ತೆಗೆದುಕೊಂಡವರು. ಗುಡ್ಡ ಅಡ್ಡವಾಗಿ ಅವರ ಹುಳುಮನೆಯಲ್ಲಿ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ಅದಕ್ಕೇ ಅಲ್ಲಿಗೂ ಒಂದು ರೌಟರ್ ಹಾಕಿಕೊಡಲು ಕರೆದಿದ್ದರು. ಕಾರಣ ದೊಡ್ಡದೇ ಇತ್ತು. ಗೌನಿಪಲ್ಲಿಗೆ ಕೊಟ್ಟ ಮಗಳಿಗೆ ಎರಡನೆಯ ಹೆರಿಗೆಯಾಗಿ, ಅವತ್ತು ಅತ್ತೆಮನೆಯಲ್ಲೇ ನಾಮಕರಣ. ಇವರ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ತಾಯಿಯ ತಾಯಿ. ಅವಳು ಹೇಳುವ ತನಕ ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಆದರೆ ಹುಳು ಹಣ್ಣಾಗುವುದಕ್ಕೂ ಅದೇ ದಿನ ಸಿಕ್ಕಬೇಕೆ! ಹಣ್ಣಾದ ಹುಳುವನ್ನು ಆಗಿಂದಾಗ್ಗೆ ಆರಿಸಿ ಬಿದಿರ ತಟ್ಟಿಯ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ಗೂಡು ಕಟ್ಟಿ ಬೆಳೆಯೇ ಹಾಳು. ಗಂಡ ತೊಟ್ಟಿಲು ಹೊತ್ತು ಗೌನಿಪಲ್ಲಿಗೆ ಹೋದರು, ಇವರು ಇಲ್ಲೇ ಉಳಿದರು. ಹೆಸರನ್ನು ಫೋನಿನಲ್ಲೇ ಹೇಳುವುದೆಂದು ಮಾತಾಗಿತ್ತು.

ಹುಳುವಿಗೆ ಸೋಂಕು ತಗಲೀತೆಂದು ಹುಳುಮನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ನಾನು ಹೊಸಿಲಾಚೆ ನಿಂತೇ ರೌಟರ್ ಹೊಂದಿಸಿದೆ. ಅವರು ತಮ್ಮ ಲಾಗಿನ್ ಹಾಕಿದರು. ವಿಡಿಯೋದಲ್ಲಿ ಮಗಳ ಮುಖ ಮೂಡಿತು, ಮರುಕ್ಷಣವೇ ಮಾಯವಾಯಿತು.

ಮತ್ತೆ ಹಾಕಿದರು. ಮಗುವಿನ ಕುಲಾವಿ ಕಂಡಿತು, ಹೋಯಿತು.

“ಏನಣ್ಣಾ ಇದು, ನಿನ್ ಡಬ್ಬಾಗೆ ದೃಷ್ಟಿ ಆಗೈತಾ?”

“ಡಬ್ಬ ಚೆನ್ನಾಗೇ ಇದೆ ಕಣಮ್ಮಾ” ಎಂದು ರೇಗಿದೆ. ತಂತಿ ಎಳೆದು ನೋಡಿದೆ, ಸೂರು ಹತ್ತಿ ಆಂಟೆನಾ ತಿರುಗಿಸಿದೆ, ಬೆವರಿದೆ. ಇನ್ನೊಂದು ಸಲ ಸಿಕ್ಕಾಗ ಬೀಗಿತ್ತಿ “ಆಗಂಡಿ, ಆಗಂಡಿ” ಎಂದು ತೆಲುಗಿನಲ್ಲಿ ಪುರೋಹಿತರನ್ನು ತಡೆಯುತ್ತಿದ್ದುದು ಕೇಳಿಸಿತು. ರಾಹುಕಾಲಕ್ಕೆ ಹೆಚ್ಚು ಹೊತ್ತಿರಲಿಲ್ಲ. ಯಜಮಾನಿಯ ಕೈ ಹುಳು ಆರಿಸುತ್ತಲೇ ಇತ್ತು, ಕಣ್ಣು ಮಾತ್ರ ತುಂಬಿತ್ತು. ನನಗೆ ನಾಚಿಕೆಯಾಯಿತು.

ಕೊನೆಗೆ ಅದೇ ರೌಟರ್ ಮೂಲಕ ನನ್ನ ಫೋನಿನಲ್ಲಿ ಅಂಗಡಿಯ ಕಂಪ್ಯೂಟರ್ ತೆರೆದು ನೋಡಿದೆ. ಅವರ ಲಾಗಿನ್ ಕುಪ್ಪಳಿಸುತ್ತಿತ್ತು. ಹುಳುಮನೆ, ಗೌನಿಪಲ್ಲಿ, ಮತ್ತೆ ಹುಳುಮನೆ, ಮತ್ತೆ ಗೌನಿಪಲ್ಲಿ.

“ನಿಮ್ ಲಾಗಿನ್ ಯಾರಿಗೆ ಕೊಟ್ಟಿದ್ದೀರಿ?” ಎಂದು ಗುಡುಗಿದೆ.

“ಇನ್ಯಾರಿಗೆ? ಮಗಳಿಗೆ. ಮದುವೇಲಿ ಪಾತ್ರೆ ಪಡಗ ಎಲ್ಲಾ ಕೊಟ್ವಿ, ಇದನ್ನ ಕೊಡಬಾರ್ದಾ?”

ಹೆಪ್ಪು ಕೊಟ್ಟಷ್ಟೇ ಸಲೀಸಾಗಿ ಕೊಟ್ಟಿದ್ದರು. ಗೌನಿಪಲ್ಲಿಯ ರೌಟರಿಗೂ ಆ ಹೆಸರು ಸೇರಿಸೆಂದು ಹಿಂದೊಮ್ಮೆ ನನ್ನ ಕೈಯಲ್ಲೇ ಹೇಳಿ ಮಾಡಿಸಿಕೊಂಡಿದ್ದರು. ಬಂದುಹೋಗುವಾಗ ಬೇಕಾಗುತ್ತದೆಂದು ನಾನೂ ತಿಳಿದಿದ್ದೆ. ರೌಟರ್‌ಗಳು ಒಂದಕ್ಕೊಂದು ಮಾತಾಡದಿದ್ದಷ್ಟು ಕಾಲ ತಾಯಿ ಇಲ್ಲಿ, ಮಗಳು ಅಲ್ಲಿ, ಇಬ್ಬರೂ ಸುಖವಾಗಿದ್ದರು. ನಾನು ಹಿಂದಿನ ದಿನವಷ್ಟೇ ಎಲ್ಲವನ್ನೂ ಒಂದು ಮಾಡಿದ ಮೇಲೆ, ತಾಯಿ ಒಳಗೆ ಬಂದರೆ ಮಗಳು ಹೊರಗೆ, ಮಗಳು ಬಂದರೆ ತಾಯಿ ಹೊರಗೆ. ಹಿಂದೆಯೇ ಇದು ಗೊತ್ತಾಗಿದ್ದರೆ ಮಗಳಿಗೆ ಬೇರೆ ಕನೆಕ್ಷನ್ ತಗೊಳ್ಳಿ ಎಂದು ಜಗಳವಾಡುತ್ತಿದ್ದೆ. ಅವತ್ತು ಮಾತ್ರ ಅವರ ಲಾಗಿನ್ನಿನ ಮುಂದೆ ಒಂದು ಎಂದಿದ್ದುದನ್ನು ಅಳಿಸಿ, ಅವರಿಗೆ ಹೇಳಿಯೇ ಎರಡು ಎಂದು ಒತ್ತಿದೆ.

ಈ ಸಲ ಮುಖ ಮೂಡಿತು, ನಿಂತಿತು. ಮಗಳು ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಯಜಮಾನಿ ಸೆರಗಿನಲ್ಲಿ ಕೈ ಒರೆಸಿಕೊಂಡು, ನಾನು ಅಷ್ಟು ದಿನ ಅವರ ಬಾಯಲ್ಲಿ ಕೇಳಿರದಷ್ಟು ಮೆತ್ತನೆಯ ದನಿಯಲ್ಲಿ ಹೆಸರು ಹೇಳಿದರು. ನನಗೂ ಕೇಳಿಸಿತು. ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯ ಸ್ವತ್ತು. ಅತ್ತ ಗೌನಿಪಲ್ಲಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. ಕಂಬ ನೆಟ್ಟು, ತಂತಿ ಎಳೆದು ಸವೆದ ನನ್ನ ಕೆಲಸದಲ್ಲಿ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ನಾನು ಚೀಲ ಕಟ್ಟಿ ಹೊರಡುವಾಗ ಅವರು ಮತ್ತೆ ತಟ್ಟೆಯ ಮುಂದೆ ಬಗ್ಗಿ ಹುಳು ಆರಿಸುತ್ತಿದ್ದರು. ತಲೆಯೆತ್ತದೆ ಕರೆದರು.

“ಅಣ್ಣಾ, ಎರಡು ಅಂತ ಒತ್ತಿದ್ಯಲ್ಲಾ, ಅದನ್ನ ಮೂರು ಮಾಡ್ಬಿಡು. ಹುಟ್ಟಿರೋದೂ ಹೆಣ್ಣೇ.”

“ಅದಕ್ಕೆ ಮೊದ್ಲು ಹಲ್ಲು ಬರ್ಲಿ ಬಿಡಮ್ಮಾ” ಎಂದು ಗೊಣಗಿ ಗಾಡಿ ಹತ್ತಿದೆ. ಅಂಗಡಿಗೆ ಬಂದವನೇ ಮೂರು ಮಾಡಿದೆ.